ಪಟ್ಟಿ ಕೇಳಿದವರಿಗೆಲ್ಲ ಏನು ಹೇಳಲಿ?

ಪ್ರಶ್ನೆ: ನಾನು ದಕ್ಷಿಣ ಕೊಡಗಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ನಮ್ಮ ವ್ಯಾಪ್ತಿಯಲ್ಲಿ ಜೇನು ಕುರುಬರ ಮತ್ತು ಎರವರ ಹಾಡಿಗಳಿವೆ, ಕಾಫಿ ತೋಟದ ಲೈನ್ ಮನೆಗಳಿವೆ. ಇತ್ತೀಚೆಗೆ ಆಶ್ರಮ ಶಾಲೆಯಲ್ಲಿ ಸಿಕಲ್ ಸೆಲ್ ತಪಾಸಣೆ ಮಾಡಿದೆವು. ಒಪ್ಪಿಗೆ ಪತ್ರಗಳಿಗೆ ವಾರ್ಡನ್ ಒಬ್ಬರೇ ಸಹಿ ಹಾಕಿದರು. ಕೆಲವು ಮಕ್ಕಳದ್ದು ಪಾಸಿಟಿವ್ ಬಂದಿದೆ. ಈಗ ಮುಖ್ಯ ಶಿಕ್ಷಕರು ಪಟ್ಟಿ ಕೊಡಿ ಎನ್ನುತ್ತಾರೆ. ಹಾಕಿ ತಂಡದಿಂದ ಯಾರನ್ನು ಬಿಡಬೇಕು ಎಂದು ಪಿ.ಟಿ. ಮಾಸ್ತರು ಕೇಳುತ್ತಾರೆ. ಎಂಟನೇ ತರಗತಿಯ ಒಬ್ಬಳು ವಾಹಕಿ. ಅವಳ ತಾಯಿ ಬಂದು 'ಮಗಳಿಗೂ ಹೇಳಬೇಡಿ ಮೇಡಂ, ನಾಳೆ ಮದುವೆ ಆಗಬೇಕಾದವಳು' ಎಂದು ಕೈಮುಗಿದರು. ಮರುದಿನ ಹುಡುಗಿಯೇ 'ನನ್ನ ಕಾರ್ಡಲ್ಲಿ ಏನಿದೆ ಸಿಸ್ಟರ್' ಎಂದಳು. ಒಂದು ಮಗುವಿಗೆ ಕಾಯಿಲೆಯೇ ಇದೆ. ತಾಯಿ ವಾಹಕಿ, ತಂದೆಯದು ನೆಗೆಟಿವ್. ಹಾಡಿಯಲ್ಲಿ ಆಗಲೇ ಗುಸುಗುಸು ಶುರುವಾಗಿದೆ. ಇನ್ನೊಂದು ವಿಷಯ: ಹತ್ತಿರದ ಬೆಳೆಗಾರರ ಮನೆಯಲ್ಲಿ ತಂದೆಗೆ ಹಂಟಿಂಗ್‌ಟನ್ ಎಂಬ, ಮೆದುಳು ಕ್ರಮೇಣ ಹಾಳಾಗುವ ವಂಶಪಾರಂಪರ್ಯ ಕಾಯಿಲೆ ಎಂದು ಬೆಂಗಳೂರಿನಲ್ಲಿ ಗೊತ್ತಾಗಿದೆ. ಹತ್ತು ವರ್ಷದ ಮಗಳ ರಕ್ತ ತೆಗೆದು ಲ್ಯಾಬಿಗೆ ಕಳಿಸಿಕೊಡಿ ಎಂದು ತಾಯಿ ಕೇಳಿದ್ದಾರೆ. ನಾನು ಹಿಂದೆಮುಂದೆ ನೋಡಿದ್ದಕ್ಕೆ, 'ಹಾಡಿಯ ಮಕ್ಕಳಿಗೆ ಮಾಡಿದಿರಲ್ಲ, ನಮ್ಮ ಮಗಳಿಗೆ ಯಾಕಿಲ್ಲ?' ಎಂದರು. ನನ್ನ ಬಳಿ ಉತ್ತರ ಇರಲಿಲ್ಲ. ಏನು ಮಾಡಲಿ?

ಉತ್ತರ: ಮೊದಲು ತಂದೆಯದು ನೆಗೆಟಿವ್ ಬಂದ ಮನೆಯ ವಿಷಯ ಮಾತಾಡೋಣ. ಉಳಿದದ್ದೆಲ್ಲ ನಾಲ್ಕು ದಿನ ಕಾದೀತು, ಇದು ಕಾಯುವುದಿಲ್ಲ. ಸಿಕಲ್ ಸೆಲ್ ಎಂದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ವಂಶಪಾರಂಪರ್ಯ ಕಾಯಿಲೆ. ದೋಷವುಳ್ಳ ವಂಶವಾಹಿ ತಂದೆತಾಯಿ ಇಬ್ಬರಿಂದಲೂ ಬಂದರೆ ಕಾಯಿಲೆ, ಒಬ್ಬರಿಂದ ಮಾತ್ರ ಬಂದರೆ ವಾಹಕ. ಅದಕ್ಕೇ ತಂದೆಯದು ನೆಗೆಟಿವ್ ಎಂದ ಕೂಡಲೇ ಮಗು ಅವನದಲ್ಲ ಎಂದು ಹಾಡಿ ತಾಯಿಯನ್ನು ಶಂಕಿಸುತ್ತದೆ.

ಶಿಬಿರದಲ್ಲಿ ನೀವು ತಂದೆಗೆ ಮಾಡಿದ್ದು ಬಹುಶಃ ಸಾಲ್ಯುಬಿಲಿಟಿ ಪರೀಕ್ಷೆ, ಅಂದರೆ ಟ್ಯೂಬಿನ ದ್ರಾವಣ ಮಬ್ಬಾಗುತ್ತದೆಯೇ ಎಂದು ನೋಡುವುದು. ಅದು ಹೇಳುವುದು ಒಂದೇ ಮಾತು: ಈ ರಕ್ತದಲ್ಲಿ ಸಿಕಲ್ ಸೆಲ್‌ಗೆ ಕಾರಣವಾದ ಎಸ್ ಹಿಮೋಗ್ಲೋಬಿನ್ ಇದೆಯೋ ಇಲ್ಲವೋ. ತಂದೆ ಬೀಟಾ ಥಲಸ್ಸೀಮಿಯಾ ಎಂಬ ಇನ್ನೊಂದು ವಂಶಪಾರಂಪರ್ಯ ರಕ್ತದ ಕಾಯಿಲೆಯ ವಾಹಕನಾಗಿದ್ದರೆ ಅವನಲ್ಲಿ ಎಸ್ ಇರುವುದೇ ಇಲ್ಲ. ಪರೀಕ್ಷೆ ನೆಗೆಟಿವ್ ಬಂದೇ ಬರುತ್ತದೆ. ತಾಯಿಯಿಂದ ಎಸ್, ತಂದೆಯಿಂದ ಥಲಸ್ಸೀಮಿಯಾ ಪಡೆದ ಮಗುವಿಗೆ ಸಿಕಲ್ ಬೀಟಾ ಥಲಸ್ಸೀಮಿಯಾ ಆಗುತ್ತದೆ. ಲಕ್ಷಣಗಳು ಸಿಕಲ್ ಸೆಲ್ ಕಾಯಿಲೆಯವೇ. ಎಷ್ಟೋ ಸಲ, ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯ ವರದಿಯಲ್ಲೂ ಎರಡನ್ನೂ ಬೇರೆ ಮಾಡುವುದು ಕಷ್ಟ. ಆದ್ದರಿಂದ ಆ ತಂದೆಗೆ ಎಚ್‌ಪಿಎಲ್‌ಸಿ ಮಾಡಿಸಿ, ಎ2 ಹಿಮೋಗ್ಲೋಬಿನ್ ಎಷ್ಟಿದೆ, ಕೆಂಪು ರಕ್ತಕಣದ ಗಾತ್ರ ಎಷ್ಟಿದೆ ನೋಡಿ. ಶಿಬಿರದ ಗಡಿಬಿಡಿಯಲ್ಲಿ ಟ್ಯೂಬಿನ ಚೀಟಿ ಅದಲುಬದಲಾಗಿರುವ ಸಾಧ್ಯತೆಯೂ ಇದೆ. ಮಗುವಿನದನ್ನೂ ತಂದೆಯದನ್ನೂ ಹೊಸದಾಗಿ ತೆಗೆಯಿರಿ. ಮೂರು ತಿಂಗಳೊಳಗೆ ರಕ್ತ ಹಾಕಿಸಿಕೊಂಡಿದ್ದಾರೆಯೇ ಎಂದು ಕೇಳಲು ಮರೆಯಬೇಡಿ. ಹಾಕಿಸಿಕೊಂಡಿದ್ದರೆ ವರದಿಯಲ್ಲಿ ಕಾಣುವುದು ಅರ್ಧ ದಾನಿಯ ರಕ್ತ. ಇಷ್ಟೂ ಮುಗಿಯುವ ಮೊದಲು ಯಾರಾದರೂ ಆ ಹೆಂಗಸಿನ ಬಗ್ಗೆ ಬಾಯಿಬಿಟ್ಟರೆ, 'ಪರೀಕ್ಷೆ ಅಪೂರ್ಣ, ಎರಡನೇ ಪರೀಕ್ಷೆ ಆಗಬೇಕು' ಎಂದು ಖಡಾಖಂಡಿತವಾಗಿ ಹೇಳಿ. ಅದು ಯಾರ ಮಾನ ಕಾಯಲಿಕ್ಕೂ ಹೇಳುವ ಸುಳ್ಳಲ್ಲ, ವೈದ್ಯಕೀಯವಾಗಿ ಇರುವ ಸತ್ಯವೇ ಅದು.

ಎಲ್ಲ ಮುಗಿದ ಮೇಲೂ ತಂದೆ ವಾಹಕನಲ್ಲ ಎಂದೇ ಬಂದರೆ? ಆಗ ಮಾತಾಡಬೇಕಾದದ್ದು ತಾಯಿಯ ಜೊತೆ, ಒಬ್ಬಳನ್ನೇ ಕೂರಿಸಿಕೊಂಡು. ಆಶಾ ಕಾರ್ಯಕರ್ತೆಯೂ ಜೊತೆಗಿರಬಾರದು. ಅವರೂ ಅದೇ ಹಾಡಿಯವರಾಗಿದ್ದರಂತೂ ಬೇಡವೇ ಬೇಡ. ಮುಂದೆ ಯಾರಿಗೆ ಏನು ಹೇಳುವುದು ಎಂಬುದು ಅವಳ ತೀರ್ಮಾನ. ನಮ್ಮ ಕೆಲಸ ಮಗುವಿನ ಚಿಕಿತ್ಸೆ, ಅದಕ್ಕೆ ತಂದೆಯ ವರದಿ ಬೇಕಾಗಿಯೇ ಇಲ್ಲ. ಆದರೆ ಒಂದು ಎಚ್ಚರಿಕೆ. ಮನೆ ಒಡೆಯದಿರಲಿ ಎಂಬ ಕನಿಕರಕ್ಕೆ ಕೆಲವರು ತಂದೆಗೆ 'ನೀನೂ ವಾಹಕ' ಎಂದುಬಿಡುತ್ತಾರೆ. ಹಾಗೆ ಮಾಡಬೇಡಿ. ಆ ಒಂದು ಸುಳ್ಳು ಅವನ ತಮ್ಮಂದಿರ ಮೇಲೆ, ಅವರ ಮಕ್ಕಳ ಮೇಲೆ ಇಲ್ಲದ ಭಯ ಹೇರುತ್ತದೆ. ಅವನ ಕಾರ್ಡಿನಲ್ಲಿ ತಪ್ಪು ಮಾಹಿತಿ ಶಾಶ್ವತವಾಗಿ ಕೂರುತ್ತದೆ. ಮೌನಕ್ಕೂ ಸುಳ್ಳಿಗೂ ಇರುವ ಗೆರೆಯನ್ನು ನಮ್ಮ ಕಸುಬಿನಲ್ಲಿ ದಾಟಬಾರದು. ಮುಂದಿನ ಶಿಬಿರದಲ್ಲಿ ರಕ್ತ ತೆಗೆಯುವ ಮೊದಲೇ 'ಈ ಪರೀಕ್ಷೆಯಿಂದ ಕೆಲವೊಮ್ಮೆ ಮನೆಯೊಳಗಿನ ಸಂಬಂಧಗಳ ಬಗ್ಗೆಯೂ ಗೊತ್ತಾಗಬಹುದು, ಅದನ್ನು ನಾವಾಗಿ ಹೇಳುವುದಿಲ್ಲ' ಎಂಬ ಒಂದು ವಾಕ್ಯ ಸೇರಿಸಿಕೊಳ್ಳಿ.

ಎಚ್‌ಪಿಎಲ್‌ಸಿಯ ಮಾತು ಬಂದದ್ದರಿಂದ ಇದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಾಲ್ಯುಬಿಲಿಟಿ ಪರೀಕ್ಷೆ ವಾಹಕರಿಗೂ ಪಾಸಿಟಿವ್, ಕಾಯಿಲೆ ಇರುವವರಿಗೂ ಪಾಸಿಟಿವ್. ನೀವು ಬರೆದ 'ಕೆಲವು ಮಕ್ಕಳದ್ದು ಪಾಸಿಟಿವ್' ಎಂಬ ಮಾತಿನಲ್ಲಿ ಈ ಎರಡು ಗುಂಪೂ ಕಲೆತಿರಬಹುದು. ಖಚಿತ ವರದಿ ಕೈಗೆ ಬರುವ ತನಕ ಯಾರಿಗೂ ಕಾರ್ಡ್ ಕೊಡಬೇಡಿ, ಬಾಯಲ್ಲೂ ಏನೂ ಹೇಳಬೇಡಿ. 'ನಿಮ್ಮ ಮಗುವಿಗೆ ಸಿಕಲ್ ಸೆಲ್' ಎಂದು ಒಮ್ಮೆ ಕೇಳಿದ ತಾಯಿಗೆ, ಆಮೇಲೆ 'ಅಲ್ಲ, ವಾಹಕ ಅಷ್ಟೆ' ಎಂದು ಸಾವಿರ ಸಲ ಹೇಳಿದರೂ ಮೊದಲಿನ ಮಾತೇ ಉಳಿಯುತ್ತದೆ. ಆರು ತಿಂಗಳೊಳಗಿನ ಕೂಸಿಗಂತೂ ಈ ಟ್ಯೂಬ್ ಪರೀಕ್ಷೆ ನಂಬಲರ್ಹವಲ್ಲ. ಗರ್ಭದಲ್ಲಿದ್ದಾಗಿನ ಎಫ್ ಹಿಮೋಗ್ಲೋಬಿನ್ ಇನ್ನೂ ತುಂಬಿರುವುದರಿಂದ ಕಾಯಿಲೆ ಇದ್ದರೂ ನೆಗೆಟಿವ್ ತೋರಿಸಬಹುದು.

ಈಗ ಬೆಳೆಗಾರರ ಮನೆಯ ತಾಯಿ ಕೇಳಿದ ಪ್ರಶ್ನೆಗೆ ಬರುತ್ತೇನೆ. ಆ ಮಕ್ಕಳಿಗೆ ಯಾಕೆ, ನಮ್ಮ ಮಗಳಿಗೆ ಯಾಕಿಲ್ಲ? ಪ್ರಶ್ನೆ ಬಹಳ ಸರಿಯಾಗಿದೆ. ಅದಕ್ಕೆ ಉತ್ತರ ಸಿಕ್ಕರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಬಹುಪಾಲು ಸಿಕ್ಕಂತೆ.

ಸಿಕಲ್ ಸೆಲ್ ಕಾಯಿಲೆ ಇರುವ ಮಗುವಿಗೆ ಅದು ಇವತ್ತೇ ಗೊತ್ತಾದರೆ ಇವತ್ತಿನಿಂದಲೇ ಲಾಭವಿದೆ. ಗುಲ್ಮದ ಕೆಲಸ ಕುಂದುವುದರಿಂದ ಈ ಮಕ್ಕಳನ್ನು ನ್ಯುಮೋಕಾಕಸ್ ಸೋಂಕು ಗಂಟೆಗಳಲ್ಲಿ ಕೊಂದುಬಿಡಬಲ್ಲದು. ದಿನಕ್ಕೆ ಎರಡು ಸಲ ಪೆನ್ಸಿಲಿನ್ ಕೊಟ್ಟರೆ ಆ ಸೋಂಕು ಶೇ 84ರಷ್ಟು ಕಡಿಮೆಯಾಗುತ್ತದೆ ಎಂದು 1986ರಲ್ಲಿ ಅಮೆರಿಕದ ಒಂದು ಪ್ರಯೋಗ ತೋರಿಸಿತು. ಅಂದಿನಿಂದ ಐದು ವರ್ಷದವರೆಗೆ ಪೆನ್ಸಿಲಿನ್ ಕೊಡುವುದು ಪದ್ಧತಿ. ಲಸಿಕೆ ಇದೆ. ಹೈಡ್ರಾಕ್ಸಿಯೂರಿಯಾವನ್ನು ಒಂಬತ್ತು ತಿಂಗಳ ಮಗುವಿನಿಂದಲೇ ಕೊಡಬಹುದು; ನೋವಿನ ದಾಳಿಗಳು ಕಡಿಮೆಯಾಗುತ್ತವೆ. ಗುಲ್ಮ ದಿಢೀರನೆ ಊದಿಕೊಳ್ಳುವುದನ್ನು ಹೊಟ್ಟೆ ಮುಟ್ಟಿ ಗುರುತಿಸುವುದನ್ನು ತಾಯಿಗೆ ಕಲಿಸಿದರೆ ಅದೇ ಒಂದು ಜೀವ ಉಳಿಸುತ್ತದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಮಿಷನ್, ಬುಡಕಟ್ಟು ಪ್ರದೇಶಗಳಲ್ಲಿ ಹುಟ್ಟಿದ ಕೂಸಿನಿಂದ 40 ವರ್ಷದವರೆಗಿನ 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ ಇಟ್ಟುಕೊಂಡಿದೆ. ಅದರಲ್ಲಿ ಮಕ್ಕಳನ್ನು ಸೇರಿಸಿದ್ದಕ್ಕೆ ಇರುವ ಗಟ್ಟಿ ಕಾರಣ ಇದೇ.

ಹಂಟಿಂಗ್‌ಟನ್‌ನಲ್ಲಿ ಇದಾವುದೂ ಇಲ್ಲ. ಸಾಮಾನ್ಯವಾಗಿ ಮೂವತ್ತು, ನಲವತ್ತು ದಾಟಿದ ಮೇಲೆ ಕಾಣಿಸಿಕೊಳ್ಳುವ ಕಾಯಿಲೆ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕೆ ಅರ್ಧ. ಬರುವುದನ್ನು ತಡೆಯುವ ಔಷಧಿ ಇಂದಿಗೂ ಇಲ್ಲ. ವಂಶವಾಹಿ ಸಿಕ್ಕಿದ್ದು 1993ರಲ್ಲಿ. ಅಂದಿನಿಂದ ಪರೀಕ್ಷೆ ಸುಲಭ, ಫಲಿತಾಂಶವೂ ನಿಖರ. ಹಾಗಿದ್ದೂ ಈ ಪರೀಕ್ಷೆ ಲಭ್ಯವಿರುವ ದೇಶಗಳಲ್ಲಿ ಅಪಾಯದಲ್ಲಿರುವ ವಯಸ್ಕರ ಪೈಕಿ ಐವರಲ್ಲಿ ಒಬ್ಬರೂ ಅದನ್ನು ಮಾಡಿಸಿಕೊಳ್ಳುವುದಿಲ್ಲ. ಬಲ್ಲವರೇ, ಓದಿದವರೇ, ಬೇಡ ಎನ್ನುತ್ತಾರೆ. ಹತ್ತು ವರ್ಷದ ಹುಡುಗಿಯ ರಕ್ತವನ್ನು ಇಂದು ಕಳಿಸಿದರೆ, ಆ ಬೇಡ ಎನ್ನುವ ಅವಕಾಶವನ್ನು ಅವಳಿಂದ ಶಾಶ್ವತವಾಗಿ ಕಿತ್ತುಕೊಂಡಂತೆ. ಅದಕ್ಕೇ ಅಮೆರಿಕ, ಯುರೋಪುಗಳ ತಳಿವಿಜ್ಞಾನ ತಜ್ಞರ ಸಂಘಗಳು 1990ರ ದಶಕದಿಂದ ಒಂದೇ ಸ್ವರದಲ್ಲಿ ಹೇಳುತ್ತ ಬಂದಿವೆ: ದೊಡ್ಡವರಾದ ಮೇಲೆ ಬರುವ, ಬಾಲ್ಯದಲ್ಲಿ ಏನೂ ಮಾಡಲಾಗದ ಕಾಯಿಲೆಗೆ ಲಕ್ಷಣವೇ ಇಲ್ಲದ ಮಕ್ಕಳ ಮೇಲೆ ಪರೀಕ್ಷೆ ಬೇಡ.

ಇದು ಹದಿನೆಂಟು ತುಂಬಿತೋ ಇಲ್ಲವೋ ಎಂಬ ವಯಸ್ಸಿನ ನಿಯಮವಲ್ಲ, ಇದನ್ನು ತಾಯಿಗೆ ಬಿಡಿಸಿ ಹೇಳಿ. ಕಣ್ಣಿನ ಕ್ಯಾನ್ಸರ್ ರೆಟಿನೋಬ್ಲಾಸ್ಟೋಮಾ ಮನೆತನದಲ್ಲಿದ್ದರೆ ಹುಟ್ಟಿದ ಕೂಡಲೇ ಪರೀಕ್ಷೆ ಮಾಡಬೇಕು, ವಾರಗಳೂ ಮುಖ್ಯ. ದೊಡ್ಡ ಕರುಳಿನಲ್ಲಿ ನೂರಾರು ಗಂಟುಗಳಾಗುವ ಎಫ್‌ಎಪಿ ಎಂಬ ಕಾಯಿಲೆಗೆ ಹತ್ತು-ಹನ್ನೆರಡು ವರ್ಷಕ್ಕೆ ಮಾಡುತ್ತೇವೆ, ಏಕೆಂದರೆ ಕರುಳಿನ ತಪಾಸಣೆ ಶುರುವಾಗಬೇಕಾದದ್ದೇ ಆ ವಯಸ್ಸಿಗೆ. ಥೈರಾಯ್ಡ್ ಕ್ಯಾನ್ಸರ್ ತರುವ ಎಂಇಎನ್-2 ಇದ್ದರೆ ಕೆಲವು ಬಗೆಗಳಲ್ಲಿ ಐದು ವರ್ಷದೊಳಗೆ ಗ್ರಂಥಿಯನ್ನೇ ತೆಗೆಯಬೇಕಾಗುತ್ತದೆ. ಸ್ತನ ಕ್ಯಾನ್ಸರಿನ ಬಿಆರ್‌ಸಿಎ ವಂಶವಾಹಿಗಳಿಗೆ ಮಾತ್ರ ಬಾಲ್ಯದಲ್ಲಿ ಮಾಡುವುದೇನೂ ಇಲ್ಲ, ಕಾಯುತ್ತೇವೆ. ಫಲಿತಾಂಶದಿಂದ ಮಗುವಿಗೆ ಈಗ ಉಪಯೋಗ ಇದೆಯೇ ಎಂಬುದೊಂದೇ ಅಳತೆ. ಇದ್ದರೆ ತಡಮಾಡುವುದು ತಪ್ಪು, ಇಲ್ಲದಿದ್ದರೆ ಅವಸರ ಮಾಡುವುದು ತಪ್ಪು.

ಹಾಗಾದರೆ ಸಿಕಲ್ ಸೆಲ್ ವಾಹಕ ಮಕ್ಕಳು ಯಾವ ಕಡೆಗೆ ಬರುತ್ತಾರೆ? ನಿಜವಾದ ಗೊಂದಲ ಇರುವುದು ಇಲ್ಲೇ. ವಾಹಕತನ ಕಾಯಿಲೆಯಲ್ಲ. ಆ ಎಂಟನೇ ಕ್ಲಾಸಿನ ಹುಡುಗಿಗೆ ಇವತ್ತು ಅದರಿಂದ ಯಾವ ತೊಂದರೆಯೂ ಇಲ್ಲ, ಯಾವ ಔಷಧಿಯೂ ಬೇಡ. ಮದುವೆಯಾಗುವವನೂ ಸಿಕಲ್ ಸೆಲ್ ಅಥವಾ ಬೀಟಾ ಥಲಸ್ಸೀಮಿಯಾದ ವಾಹಕನಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಮೇಲಿನ ಅಳತೆಯಿಂದ ನೋಡಿದರೆ ಅವಳನ್ನು ಪರೀಕ್ಷಿಸಲೇಬಾರದಿತ್ತು. ಪಾಶ್ಚಾತ್ಯ ಮಾರ್ಗಸೂಚಿಗಳೂ ವಾಹಕ ಪರೀಕ್ಷೆಯನ್ನು ಮಗು ದೊಡ್ಡದಾಗುವ ತನಕ ಮುಂದೂಡಿ ಎನ್ನುತ್ತವೆ. ಆದರೆ ಕಾಯಿಲೆ ಇರುವ ಮಕ್ಕಳನ್ನು ಹುಡುಕಲು ಹೊರಟವರಿಗೆ ವಾಹಕರು ತಾವಾಗಿಯೇ ಸಿಕ್ಕಿಬಿಡುತ್ತಾರೆ. ಸಿಕ್ಕ ಮೇಲೆ ಏನು ಮಾಡಬೇಕು ಎಂಬುದು ಪ್ರಶ್ನೆ.

ಇಲ್ಲಿ ನಾನು ಆ ಮಾರ್ಗಸೂಚಿಗಳ ಜೊತೆ ಪೂರ್ತಿ ಇಲ್ಲ. ಹದಿನೆಂಟಕ್ಕೆ ಕುಟುಂಬ ವೈದ್ಯರ ಬಳಿ ಹೋಗಿ ತನ್ನ ಫಲಿತಾಂಶ ಕೇಳುವ ಹುಡುಗಿಯನ್ನು ಕಣ್ಣೆದುರಿಗಿಟ್ಟು ಅವನ್ನು ಬರೆಯಲಾಗಿದೆ. ನಿಮ್ಮ ಆಶ್ರಮ ಶಾಲೆಯ ಹುಡುಗಿ ಹತ್ತನೇ ಕ್ಲಾಸಿಗೆ ಮೊದಲೇ ಶಾಲೆ ಬಿಡಬಹುದು. ಕಾಫಿ ಕೊಯ್ಲಿಗೆ ಒಂದು ತೋಟ, ಕರಿಮೆಣಸಿಗೆ ಇನ್ನೊಂದು ತೋಟ ಎಂದು ಮನೆಯವರ ಜೊತೆ ಲೈನ್ ಮನೆಯಿಂದ ಲೈನ್ ಮನೆಗೆ ಹೋಗಬಹುದು. ಗಡಿ ದಾಟಿ ವಯನಾಡಿಗೂ ಹೋಗಬಹುದು. ಕಾನೂನು ಏನೇ ಇರಲಿ, ಹದಿನೇಳಕ್ಕೇ ಅವಳ ಮಡಿಲಲ್ಲಿ ಕೂಸಿರಬಹುದು. ಆಗ ಅವಳನ್ನು ಹುಡುಕಿ ಹೇಳುವವರು ಯಾರು? ಹಾಡಿಯ ಮದುವೆಗಳಲ್ಲಿ ಹುಡುಗ ಹುಡುಗಿ ತಾವೇ ಒಪ್ಪಿ ಕೂಡಿಕೊಳ್ಳುವುದೂ ಸಾಮಾನ್ಯ. ಹಿರಿಯರು ಜಾತಕದಂತೆ ಕಾರ್ಡು ಹಿಡಿದು ನೋಡುವ ಸಂದರ್ಭವೇ ಬರದಿರಬಹುದು. ಹಾಗಾಗಿ ಮಾಹಿತಿ ಇರಬೇಕಾದದ್ದು ತಾಯಿಯ ಪೆಟ್ಟಿಗೆಯಲ್ಲಲ್ಲ, ಹುಡುಗಿಯ ತಲೆಯಲ್ಲಿ. ಹದಿಮೂರು ವರ್ಷದವಳಿಗೆ, ಅವಳೇ ಕೇಳಿದಾಗ, ಅರ್ಥವಾಗುವಂತೆ ಹೇಳುವುದು ಸರಿ ಎಂದು ನನ್ನ ಅಭಿಪ್ರಾಯ. ಐದು ವರ್ಷದ ಮಗುವಾಗಿದ್ದರೆ ಬೇರೆ ಮಾತು. ಆಗ ದಾಖಲೆಯನ್ನು ಭದ್ರವಾಗಿಟ್ಟು ತಂದೆತಾಯಿಗೆ ಮಾತ್ರ ಹೇಳುತ್ತಿದ್ದೆ.

ಆದರೆ ತಾಯಿಯನ್ನು ಬದಿಗೆ ಸರಿಸಿ ಹೇಳಬೇಡಿ. ಆ ಹೆಂಗಸಿನ ಭಯವನ್ನು ತಿಳಿವಳಿಕೆ ಇಲ್ಲದವರ ಭಯ ಎಂದು ತಳ್ಳಿಹಾಕುವಂತಿಲ್ಲ. ಗ್ರೀಸ್ ದೇಶದ ಓರ್ಕೊಮೆನೋಸ್ ಎಂಬ ಊರಿನಲ್ಲಿ ಇದೇ ಸಿಕಲ್ ಸೆಲ್‌ಗೆ ಊರಿಗೆ ಊರನ್ನೇ ಪರೀಕ್ಷಿಸಿ ಎಲ್ಲರಿಗೂ ಫಲಿತಾಂಶ ಹೇಳಿದ್ದರು. ಸುಮಾರು ಕಾಲು ಭಾಗ ಜನ ವಾಹಕರು. ವರ್ಷಗಳ ನಂತರ ಹೋಗಿ ನೋಡಿದಾಗ ವಾಹಕರೆಂದರೆ ಒಂದು ಕಳಂಕವಾಗಿತ್ತು. ಸಂಬಂಧ ಕುದುರಿಸುವಾಗ ಕೆಲವರು ವಿಷಯ ಮುಚ್ಚಿಟ್ಟಿದ್ದರು. ಪರೀಕ್ಷೆಯೇ ಇಲ್ಲದೆ ಎಷ್ಟು ವಾಹಕ ದಂಪತಿಗಳು ಆಗುತ್ತಿದ್ದರೋ ಬಹುತೇಕ ಅಷ್ಟೇ ಆಗಿದ್ದರು. 1974ರಲ್ಲಿ ಪ್ರಕಟವಾದ ಈ ಅನುಭವವನ್ನು ತಳಿ ಸಮಾಲೋಚನೆ ಕಲಿಯುವವರು ಇಂದಿಗೂ ಓದುತ್ತಾರೆ. ಆ ತಾಯಿ ಅದನ್ನು ಓದಿಲ್ಲ, ಆದರೂ ಅವರಿಗೆ ಗೊತ್ತಿದೆ.

ಆದ್ದರಿಂದ ತಾಯಿಯನ್ನು ಇನ್ನೊಮ್ಮೆ ಕರೆಸಿ. ಅವರ ಎರಡು ಬೇಡಿಕೆಗಳನ್ನು ಬೇರೆ ಬೇರೆ ಮಾಡಿ. 'ಊರಿಗೆ ಹೇಳಬೇಡಿ' ಎಂಬುದನ್ನು ನೂರಕ್ಕೆ ನೂರು ಒಪ್ಪಿಕೊಳ್ಳಿ. ಅದು ಅವರ ಹಕ್ಕು, ನಿಮ್ಮ ಕರ್ತವ್ಯ. 'ಮಗಳಿಗೆ ಹೇಳಬೇಡಿ' ಎಂಬುದಕ್ಕೆ, ಅವಳು ನೇರವಾಗಿ ಕೇಳಿದಾಗ ನಾನು ಸುಳ್ಳು ಹೇಳಲಾರೆ, ನಾವಿಬ್ಬರೂ ಸೇರಿ ಹೇಳೋಣ ಎನ್ನಿ. ಇದು ಅವಳೊಬ್ಬಳದೇ ಅಲ್ಲ, ತಾಯಿಯಿಂದಲೋ ತಂದೆಯಿಂದಲೋ ಬಂದದ್ದು, ಮನೆಯಲ್ಲಿ ಇನ್ನೊಬ್ಬರಲ್ಲೂ ಇದೆ ಎಂಬುದು ತಿಳಿದಾಗ ಎಷ್ಟೋ ತಾಯಂದಿರ ಮುಖ ಸಡಿಲಾಗುತ್ತದೆ. ಹುಡುಗಿಗೆ ಹೇಳುವಾಗ ಹೆಚ್ಚು ಬೇಡ: 'ನಿನಗೆ ಕಾಯಿಲೆ ಇಲ್ಲ, ಮುಂದೆ ಬರುವುದೂ ಇಲ್ಲ. ನಿನ್ನ ರಕ್ತದಲ್ಲಿ ಒಂದು ಗುಣ ಇದೆ. ದೊಡ್ಡವಳಾಗಿ ಮಗು ಬೇಕು ಅನ್ನಿಸಿದಾಗ ನಿನ್ನ ಗಂಡನಿಗೂ ಪರೀಕ್ಷೆ ಮಾಡಿಸು. ಇದನ್ನು ಯಾರಿಗೆ ಹೇಳಬೇಕು ಅನ್ನುವುದು ನಿನ್ನಿಷ್ಟ.' ಎರವರ ಮಗುವಾಗಿದ್ದು ಕನ್ನಡ ಇನ್ನೂ ಶಾಲೆಯ ಭಾಷೆಯೇ ಆಗಿದ್ದರೆ, ಅವಳ ಮಾತು ಬಲ್ಲವರು ಬೇಕು. ಆದರೆ ಅದಕ್ಕೆ ಪಕ್ಕದ ಮನೆಯವರನ್ನು ಕರೆಯಬೇಡಿ.

ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿಗಳು ಇದಕ್ಕೆ ಬೇರೆಯೇ ದಾರಿ ಹುಡುಕಿಕೊಂಡರು. ಎಳೆಯ ಮಕ್ಕಳನ್ನು ಕೊಲ್ಲುವ ಟೇ-ಸ್ಯಾಕ್ಸ್ ಎಂಬ ವಂಶಪಾರಂಪರ್ಯ ಕಾಯಿಲೆಗೆ ನಾಲ್ಕು ಮಕ್ಕಳನ್ನು ಕಳೆದುಕೊಂಡ ರಬ್ಬಿ ಜೋಸೆಫ್ ಎಕ್‌ಸ್ಟೀನ್ 1980ರ ದಶಕದಲ್ಲಿ ಆರಂಭಿಸಿದ ವ್ಯವಸ್ಥೆಯಲ್ಲಿ ಹುಡುಗ ಹುಡುಗಿಯರಿಗೆ ತಮ್ಮ ಫಲಿತಾಂಶ ಹೇಳುವುದೇ ಇಲ್ಲ, ಒಂದು ಸಂಖ್ಯೆ ಕೊಡುತ್ತಾರೆ. ಸಂಬಂಧದ ಮಾತು ಬಂದಾಗ ಎರಡು ಸಂಖ್ಯೆಗಳನ್ನು ಹೇಳಿದರೆ 'ಹೊಂದುತ್ತದೆ' ಅಥವಾ 'ಹೊಂದುವುದಿಲ್ಲ' ಎಂಬ ಉತ್ತರ ಮಾತ್ರ ಬರುತ್ತದೆ. ಕಳಂಕವೇ ಹುಟ್ಟದಂತೆ ಮಾಡಿದ ಜಾಣತನ ಅದು. ಹಿರಿಯರೇ ಎಲ್ಲ ಮದುವೆ ಕುದುರಿಸುವ ಸಮಾಜಕ್ಕೆ ಸರಿ. ಹಾಡಿಗೆ ಒಗ್ಗದು ಎಂದು ನನ್ನ ಅನಿಸಿಕೆ.

ವಾರ್ಡನ್ ಸಹಿಯ ಬಗ್ಗೆ ಎರಡೇ ಮಾತು. ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಸೇರಿಸಲು ವಾರ್ಡನ್ ಸಹಿ ಸಾಕು, ವಂಶದ ಗುಟ್ಟು ತೆರೆಯುವ ಪರೀಕ್ಷೆಗೆ ಸಾಲದು. ವಾರ್ಡನ್ ಎಷ್ಟೇ ಒಳ್ಳೆಯವರಾಗಿರಲಿ, ಆ ಮಗುವಿನ ಅಪ್ಪ ಅಮ್ಮ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸಂಶೋಧನೆಗೆಂದು ಬರೆದದ್ದಾದರೂ ಇಲ್ಲಿಗೂ ದಾರಿ ತೋರಿಸುತ್ತದೆ: ತಂದೆತಾಯಿಯ ಒಪ್ಪಿಗೆಯ ಜೊತೆಗೆ, ಏಳರಿಂದ ಹನ್ನೆರಡು ವರ್ಷದ ಮಗುವಿನ ಬಾಯಿಮಾತಿನ ಸಮ್ಮತಿ, ಅದಕ್ಕಿಂತ ದೊಡ್ಡವರದು ಬರವಣಿಗೆಯಲ್ಲಿ. ಆಗಿದ್ದು ಆಗಿಹೋಯಿತು ಎಂದು ಬಿಡುವುದಕ್ಕಿಂತ, ಫಲಿತಾಂಶ ಹೇಳುವ ಮೊದಲು ಪ್ರತಿ ಮನೆಗೂ ಹೋಗಿ 'ಪರೀಕ್ಷೆ ಆಗಿದೆ, ಫಲಿತಾಂಶ ತಿಳಿದುಕೊಳ್ಳುತ್ತೀರಾ' ಎಂದು ಕೇಳಿ. ಒಪ್ಪಿಗೆಯ ಅರ್ಧವಾದರೂ ಹೀಗೆ ಮರಳಿ ಸಿಗುತ್ತದೆ. ಹೋಗುವಾಗ ಕೂಲಿ ದಿನದ ಬೆಳಗ್ಗೆ ಬೇಡ. ತೋಟದ ರೈಟರ್ ಎದುರಿಗೆ ಲೈನಿನಲ್ಲಿ ನಿಲ್ಲಿಸಿ ಹೇಳುವ ಪರಿಸ್ಥಿತಿ ಬರುತ್ತದೆ. ಸಂಜೆ ಅಥವಾ ವಾರದ ರಜೆಯ ದಿನ ಹೋಗಿ.

ಈಗ ಪಟ್ಟಿ. ಮುಖ್ಯ ಶಿಕ್ಷಕರಿಗೆ ಪಟ್ಟಿ ಕೊಡಬೇಡಿ, ಪಿ.ಟಿ. ಮಾಸ್ತರಿಗಂತೂ ಬೇಡವೇ ಬೇಡ. ಇಬ್ಬರೂ ಕೆಟ್ಟವರಲ್ಲ, ಮಕ್ಕಳ ಮೇಲಿನ ಕಾಳಜಿಯಿಂದಲೇ ಕೇಳುತ್ತಿದ್ದಾರೆ. ಆದರೆ ಶಾಲೆಯ ಬೀರುವಿನಲ್ಲಿ ಸೇರಿದ ಪಟ್ಟಿ ಅಲ್ಲೇ ಇರುವುದಿಲ್ಲ. ವರ್ಗಾವಣೆ ಪತ್ರದ ಜೊತೆ ಹೋಗುತ್ತದೆ, ವಾಟ್ಸಾಪ್‌ನಲ್ಲಿ ಫೋಟೋ ಆಗುತ್ತದೆ, ಒಂದು ದಿನ ಮದುವೆ ಮಾತುಕತೆಯ ಜಗಲಿಗೂ ಬರುತ್ತದೆ. ಪಟ್ಟಿ ತಯಾರಿಸುವುದೇ ಆದರೆ ಅದು ಆಸ್ಪತ್ರೆಯ ದಾಖಲೆಯಲ್ಲಿ ಇರಲಿ, ಬೀಗದ ಕೈ ನಿಮ್ಮ ಬಳಿ ಇರಲಿ.

ಪಿ.ಟಿ. ಮಾಸ್ತರಿಗೆ ಹೇಳಲು ನಿಮ್ಮಲ್ಲಿ ಒಳ್ಳೆಯ ಉತ್ತರವಿದೆ. ಮನೆಗೊಬ್ಬ ಸೈನಿಕ, ಊರಿಗೊಂದು ಹಾಕಿ ತಂಡ ಇರುವ ಜಿಲ್ಲೆ ಇದು. ಈ ಪ್ರಶ್ನೆ ನಿಮಗೆ ಮತ್ತೆ ಮತ್ತೆ ಬರುತ್ತದೆ. ಅಮೆರಿಕದಲ್ಲಿ 1970ರ ದಶಕದಲ್ಲಿ ಕರಿಯ ಜನರಿಗೆ ಸಿಕಲ್ ಸೆಲ್ ತಪಾಸಣೆಯನ್ನು ಉತ್ಸಾಹದಿಂದ ನಡೆಸಿದರು. ವಾಹಕತನ ಮತ್ತು ಕಾಯಿಲೆಯ ವ್ಯತ್ಯಾಸವನ್ನು ಅಧಿಕಾರಿಗಳೇ ಗೊಂದಲ ಮಾಡಿಕೊಂಡರು, ಜನ ಕೆಲಸ ಕಳೆದುಕೊಂಡರು, ವಿಮೆ ಕಳೆದುಕೊಂಡರು. ಅಲ್ಲಿನ ವಾಯುಪಡೆಯ ಅಕಾಡೆಮಿ 1981ರವರೆಗೆ ವಾಹಕ ಯುವಕರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಆಮೇಲೆ 2016ರಲ್ಲಿ ಸುಮಾರು 48 ಸಾವಿರ ಕರಿಯ ಸೈನಿಕರ ದಾಖಲೆ ನೋಡಿದಾಗ ವಾಹಕರಲ್ಲಿ ಸಾವು ಹೆಚ್ಚಿರಲಿಲ್ಲ. ಅತಿಶ್ರಮದಿಂದ ಸ್ನಾಯು ಒಡೆಯುವ ಅಪಾಯ ಮಾತ್ರ ಒಂದೂವರೆ ಪಟ್ಟು ಇತ್ತು. ಅದೂ ಯಾವ ಸೇನೆಯಲ್ಲಿ? ಎಲ್ಲ ಸೈನಿಕರಿಗೂ ನೀರು, ವಿಶ್ರಾಂತಿ, ಬಿಸಿಲಿಗೆ ನಿಧಾನವಾಗಿ ಹೊಂದಿಕೊಳ್ಳುವ ಅವಕಾಶ ಕಡ್ಡಾಯವಾಗಿದ್ದ ಸೇನೆಯಲ್ಲಿ. ಹಾಗಾಗಿ ಮಾಸ್ತರಿಗೆ ಹೇಳಿ: ಯಾರನ್ನೂ ತಂಡದಿಂದ ಬಿಡಬೇಡಿ. ಇಡೀ ತಂಡಕ್ಕೆ ನಡುನಡುವೆ ನೀರು ಕೊಡಿ, ಸುಸ್ತಾಯಿತು ಎಂದವನನ್ನು ಹೆದರಿಸಿ ಓಡಿಸಬೇಡಿ, ಜ್ವರ ಅಥವಾ ಭೇದಿ ಆದ ದಿನ ಆಡಿಸಬೇಡಿ. ಎಲ್ಲರಿಗೂ ಹಾಗೆ ಮಾಡಿದರೆ ಯಾರು ವಾಹಕರೆಂದು ಅವರಿಗೆ ಗೊತ್ತಾಗಬೇಕಾಗಿಲ್ಲ. ಇದರಿಂದ ವಾಹಕರಲ್ಲದ ಹುಡುಗರಿಗೂ ಒಳ್ಳೆಯದೇ.

ಕಾಯಿಲೆಯೇ ಇರುವ ಮಕ್ಕಳದು ಬೇರೆ ಲೆಕ್ಕ. ಅಲ್ಲಿ ಶಾಲೆಗೆ ಗೊತ್ತಿರಲೇಬೇಕು, ಗೊತ್ತಿಲ್ಲದಿದ್ದರೆ ಮಗು ಸಾಯಬಹುದು. ತಂದೆತಾಯಿಯನ್ನು ಕೇಳಿ ಅವರ ಅನುಮತಿಯಿಂದ, ಆ ಒಂದೊಂದು ಮಗುವಿಗೆ ಒಂದೊಂದು ಚೀಟಿ ಬರೆದುಕೊಡಿ, ರೋಗದ ವಿವರಣೆಗಿಂತ ಏನು ಮಾಡಬೇಕೆಂಬುದು ಅದರಲ್ಲಿರಲಿ. ಜ್ವರ 101 ಡಿಗ್ರಿ ದಾಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನ ತನಕ ಕಾಯುವಂತಿಲ್ಲ, ರಾತ್ರಿಯೇ ಆಸ್ಪತ್ರೆ. ಎದೆನೋವು, ಉಸಿರು ಕಟ್ಟುವುದು, ಹೊಟ್ಟೆಯ ಎಡಭಾಗ ಊದುವುದು, ಮಾತು ತೊದಲುವುದು, ಇವೂ ಹಾಗೆಯೇ. ಕ್ಲಾಸಿನಲ್ಲಿ ನೀರಿನ ಬಾಟಲಿ ಇಟ್ಟುಕೊಳ್ಳಲು, ಪದೇ ಪದೇ ಮೂತ್ರಕ್ಕೆ ಹೋಗಲು ಬಿಡಬೇಕು. ಚಳಿ ಮತ್ತು ಒದ್ದೆ ನೋವಿನ ದಾಳಿಯನ್ನು ಕರೆದು ತರುತ್ತವೆ. ಕಕ್ಕಡದ ಮಳೆಯಲ್ಲಿ ನೆನೆದು ಬಂದ ಮಗುವನ್ನು ಅದೇ ಬಟ್ಟೆಯಲ್ಲಿ ಪ್ರಾರ್ಥನೆಗೆ ನಿಲ್ಲಿಸಬಾರದು. ವಸತಿ ಶಾಲೆಯಲ್ಲಿ ಇನ್ನೊಂದು ಜೊತೆ ಒಣ ಬಟ್ಟೆ, ಸ್ನಾನಕ್ಕೆ ಬಿಸಿನೀರು ಔಷಧಿಯಷ್ಟೇ ಮುಖ್ಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸಿಕಲ್ ಸೆಲ್ ಕಾಯಿಲೆಯೂ ಇದೆ ಎಂದು ಆ ಮನೆಯವರಿಗೆ ತಿಳಿಸಿ. ಪ್ರಮಾಣಪತ್ರ ಮಾಡಿಸಿದರೆ ಸೌಲಭ್ಯ ಇದೆ, ಆದರೆ ಹೆಸರೂ ಹೊರಗೆ ಬರುತ್ತದೆ. ಯಾವುದು ಬೇಕೆಂದು ಅವರೇ ತೂಗಿ ನೋಡಲಿ. ಫಾರಂ ತುಂಬಿ ಸಹಿಗೆ ಮಾತ್ರ ಒಡ್ಡಬೇಡಿ. ಮುಂದಿನ ಬಸಿರಿನ ಬಗ್ಗೆಯೂ ಆ ದಂಪತಿಯ ಜೊತೆ ಈಗಲೇ ಮಾತಾಡಿ. ಬಸಿರಾದ ಮೇಲೆ ಕೇಳಲು ಬಂದರೆ ಎಷ್ಟೋ ಸಲ ತಡವಾಗಿರುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಶಿಬಿರದಲ್ಲಿ ಉಳಿದ ರಕ್ತವನ್ನು ಸಂಶೋಧನೆಗೆ ಕೊಡಿ ಎಂದು ಯಾರಾದರೂ ಬಂದರೆ ಹೊಸ ಒಪ್ಪಿಗೆ ಇಲ್ಲದೆ ಒಂದು ಹನಿಯೂ ಕೊಡಬೇಡಿ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ಹವಸುಪಾಯಿ ಬುಡಕಟ್ಟಿನವರಿಂದ 1990ರಿಂದ ಸಕ್ಕರೆ ಕಾಯಿಲೆಗೆಂದು ತೆಗೆದುಕೊಂಡ ರಕ್ತವನ್ನು ಮಾನಸಿಕ ಕಾಯಿಲೆ, ವಲಸೆಯ ಮೂಲ ಹುಡುಕಲು ಬಳಸಿದರು. ಜನ ಕೋರ್ಟಿಗೆ ಹೋದರು. 2010ರಲ್ಲಿ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಕೊಟ್ಟು, ಉಳಿದ ರಕ್ತವನ್ನೂ ಹಿಂದಿರುಗಿಸಬೇಕಾಯಿತು. ಜೇನು ಕುರುಬರ ರಕ್ತದ ಮೇಲೂ ಇಂಥ ಆಸಕ್ತಿ ಇರುವವರು ಕಡಿಮೆಯೇನಿಲ್ಲ.

ಕೊನೆಯದಾಗಿ ಆ ಬೆಳೆಗಾರರ ಮನೆ. ಅಲ್ಲಿಗೆ ಹೋಗಿ 'ಕಾನೂನಿನಲ್ಲಿ ಅವಕಾಶ ಇಲ್ಲ' ಎಂದು ತಪ್ಪಿಸಿಕೊಳ್ಳಬೇಡಿ. ಹಾಗೆ ತಡೆಯುವ ಕಾನೂನು ನಮ್ಮಲ್ಲಿಲ್ಲ. ನೀವು ಆಗದು ಎಂದರೆ ಮನೆಗೇ ಬಂದು ರಕ್ತ ತೆಗೆಯುವ ಲ್ಯಾಬ್ ಅವರಿಗೆ ಸಿಕ್ಕೇ ಸಿಗುತ್ತದೆ. ಆದ್ದರಿಂದ ನಿಮ್ಮ ಬೇಡ ಎಂಬುದು ಬಾಗಿಲು ಹಾಕುವ ಬೇಡ ಆಗಬಾರದು. ಕೂತು ಕೇಳಿ, ಯಾವುದಕ್ಕಾಗಿ ತಿಳಿಯಬೇಕಾಗಿದೆ? ನನ್ನ ಬಳಿ ಬರುವ ಪೋಷಕರಲ್ಲಿ ಬಹಳ ಮಂದಿಗೆ ಬೇಕಾಗಿರುವುದು ಮಗುವಿನ ವಂಶವಾಹಿಯ ವಿವರವಲ್ಲ, ರಾತ್ರಿ ನಿದ್ದೆ. ಫಲಿತಾಂಶ ಚೆನ್ನಾಗಿ ಬರುತ್ತದೆ ಎಂಬ ಭರವಸೆಯಲ್ಲೇ ಕೇಳುತ್ತಿರುತ್ತಾರೆ. 'ಇದೆ ಎಂದು ಬಂದರೆ ನಾಳೆ ಬೆಳಿಗ್ಗೆ ಅವಳ ಜೊತೆ ಹೇಗಿರುತ್ತೀರಿ? ಊಟಿಯ ಬೋರ್ಡಿಂಗ್ ಶಾಲೆಗೋ ಮನೆಯಲ್ಲೋ, ತೋಟದ ಪಾಲು ಯಾರಿಗೋ, ಎಲ್ಲ ತೀರ್ಮಾನವೂ ಬೇರೆಯಾಗುತ್ತದೆಯೇ? ಅವಳು ಒಂದು ಲೋಟ ಕೈಜಾರಿ ಬೀಳಿಸಿದರೆ ಏನನ್ನಿಸುತ್ತದೆ?' ಎಂದು ಕೇಳಿ, ಸುಮ್ಮನಿರಿ. ಒಬ್ಬಳಿಗಿಂತ ಹೆಚ್ಚು ಮಕ್ಕಳಿದ್ದರೆ ಇದು ಇನ್ನೂ ಕಷ್ಟ. ಒಬ್ಬರದು ಇದೆ, ಇನ್ನೊಬ್ಬರದು ಇಲ್ಲ ಎಂದು ಬಂದ ಮನೆಯಲ್ಲಿ ಇಲ್ಲದವರೂ ಸುಖವಾಗಿರುವುದಿಲ್ಲ.

ವಿಮೆಯ ಮಾತೂ ಬರಬಹುದು. ವಂಶವಾಹಿ ಕಾಯಿಲೆ ಎಂಬ ಕಾರಣಕ್ಕೇ ಆರೋಗ್ಯ ವಿಮೆಯಲ್ಲಿ ತಾರತಮ್ಯ ಮಾಡುವುದು ಸರಿಯಲ್ಲ ಎಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿದೆ. ಆದರೆ ವಂಶವಾಹಿ ಮಾಹಿತಿಯ ಆಧಾರದ ತಾರತಮ್ಯವನ್ನು ತಡೆಯಲೆಂದೇ ಮಾಡಿದ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಅಂಥ ಕಾಯ್ದೆ ಇರುವ ಅಮೆರಿಕದಲ್ಲೂ ಜೀವವಿಮೆ ಅದರ ಹೊರಗೇ ಇದೆ. ಹತ್ತನೇ ವಯಸ್ಸಿನ ಫಲಿತಾಂಶ ಅವಳ ಹೆಸರಿಗೆ ಅಂಟಿಕೊಂಡು ಮೂವತ್ತರವರೆಗೂ ಬರುತ್ತದೆ ಎಂಬುದನ್ನು ತಂದೆತಾಯಿ ಯೋಚಿಸಿರುವುದಿಲ್ಲ.

ಒಂದು ವಿನಾಯಿತಿ ನೆನಪಿರಲಿ. ಮಗಳ ನಡೆ ಬಿಗಿಯಾಗುತ್ತಿದ್ದರೆ, ಚೆನ್ನಾಗಿ ಓದುತ್ತಿದ್ದವಳು ಹಿಂದೆ ಬೀಳುತ್ತಿದ್ದರೆ, ಸ್ವಭಾವ ಬದಲಾಗುತ್ತಿದ್ದರೆ, ಫಿಟ್ಸ್ ಬಂದಿದ್ದರೆ, ಮಾತು ಬೇರೆ. ಹಂಟಿಂಗ್‌ಟನ್ ಅಪರೂಪಕ್ಕೆ ಇಪ್ಪತ್ತರೊಳಗೂ ಬರುತ್ತದೆ, ತಂದೆಯ ಕಡೆಯಿಂದ ಬಂದಾಗ ಆ ಸಾಧ್ಯತೆ ಹೆಚ್ಚು. ಆಗ ಅದು ಭವಿಷ್ಯ ನೋಡುವ ಪರೀಕ್ಷೆಯಲ್ಲ, ಇರುವ ಕಾಯಿಲೆಯ ಪತ್ತೆ. ನಿಮ್ಹಾನ್ಸ್‌ನಂಥ ಕಡೆ ನರರೋಗ ತಜ್ಞರು ನೋಡಿ ತೀರ್ಮಾನಿಸಬೇಕು. ಅದಕ್ಕೂ ಉಪಕೇಂದ್ರದಲ್ಲಿ ರಕ್ತ ತೆಗೆದು ಕೊರಿಯರ್ ಮಾಡುವುದು ದಾರಿಯಲ್ಲ.

ಲಕ್ಷಣ ಇಲ್ಲದಿದ್ದರೆ ಈಗ ಮಾಡಬೇಕಾದದ್ದು ತಂದೆಯ ಆರೈಕೆ, ಮತ್ತು ಅಪ್ಪನಿಗೆ ಏನಾಗಿದೆ ಎಂದು ಮಗಳಿಗೆ ಅವಳ ವಯಸ್ಸಿಗೆ ತಕ್ಕಂತೆ ಹೇಳುವುದು. ಅದನ್ನು ಮುಚ್ಚಿಡುವುದರಿಂದ ಆಗುವ ಹಾನಿ ದೊಡ್ಡದು. ಅವಳು ಅಪ್ಪನ ಕೈಕಾಲು ಆಡುವುದನ್ನು ದಿನವೂ ನೋಡುತ್ತಿದ್ದಾಳೆ, ಕುಡಿದಿದ್ದಾರೆ ಎಂದು ಊರವರು ಆಡಿಕೊಳ್ಳುವುದನ್ನೂ ಕೇಳುತ್ತಿರಬಹುದು. ತಂದೆಯ ವರದಿಯ ಪ್ರತಿಯನ್ನು, ಅದರಲ್ಲಿ ಬರೆದ ಸಿಎಜಿ ಸಂಖ್ಯೆಯ (ವಂಶವಾಹಿಯ ಒಂದು ತುಣುಕು ಎಷ್ಟು ಸಲ ಮರುಕಳಿಸಿದೆ ಎಂಬ ಎಣಿಕೆ) ಸಮೇತ, ಮನೆಯ ಮುಖ್ಯ ಕಾಗದಪತ್ರಗಳ ಜೊತೆ ಇಡಲು ಹೇಳಿ. ಮುಂದೆ ಅವಳಿಗೆ ಪರೀಕ್ಷೆ ಬೇಕೆನಿಸಿದರೆ ಸಮಾಲೋಚಕರು ಮೊದಲು ಕೇಳುವ ಕಾಗದ ಅದೇ.